ಯಾರ ಕರ್ಮ? ಯಾರ ಹೊಣೆ?
ಜೀವಕೋಶದ ಒಳವ್ಯವಸ್ಥೆ, ವಂಶಾನುಗತ ವ್ಯಾಧಿ ಮತ್ತು ಶ್ರಾವಕನ ವಿವೇಕ

ಮನೆಯ ಮಗುವೊಂದು ದೀರ್ಘವ್ಯಾಧಿಗೆ ತುತ್ತಾದಾಗ ‘ಇದಕ್ಕೆ ಔಷಧವೇನು?’ ಎಂಬ ಪ್ರಶ್ನೆಯ ಬೆನ್ನಿಗೇ ಮತ್ತೊಂದು ಪ್ರಶ್ನೆ ತಲೆಯೆತ್ತುತ್ತದೆ: ‘ಇದು ಯಾರ ಕರ್ಮ?’ ಮೊದಲನೆಯದನ್ನು ವೈದ್ಯರ ಬಳಿ ಕೇಳುತ್ತಾರೆ. ಎರಡನೆಯದನ್ನು ಬಾಯಿಬಿಟ್ಟು ಯಾರನ್ನೂ ಕೇಳುವುದಿಲ್ಲ. ಆದರೂ ಅಡುಗೆಮನೆಯಲ್ಲಿ, ಮದುವೆಯ ಚಪ್ಪರದಲ್ಲಿ, ಬಸದಿಯ ಕಟ್ಟೆಯ ಮೇಲೆ ಅದಕ್ಕೆ ಉತ್ತರ ಸಿದ್ಧವಾಗಿಯೇ ಇರುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಆ ಉತ್ತರ ಬಂದು ಕೂರುವುದು ಮಗುವಿನ ತಾಯಿಯ ತಲೆಯ ಮೇಲೆ. ಕರ್ಮಸಿದ್ಧಾಂತವನ್ನು ಇಷ್ಟು ಸೂಕ್ಷ್ಮವಾಗಿ ವಿವೇಚಿಸಿದ ಧರ್ಮದ ಅನುಯಾಯಿಗಳೂ ಈ ಅವಸರದ ತೀರ್ಪಿನಿಂದ ಮುಕ್ತರಾಗಿಲ್ಲ. ಈ ತೀರ್ಪು ಶಾಸ್ತ್ರಸಮ್ಮತವೇ? ಜೀವಕೋಶದ ಬಗ್ಗೆ ಇಂದು ತಿಳಿದಿರುವ ಸಂಗತಿಗಳ ಬೆಳಕಿನಲ್ಲಿ ಶ್ರಾವಕನ ಹೊಣೆ ಏನು? ಈ ಎರಡು ಪ್ರಶ್ನೆಗಳ ಜಿಜ್ಞಾಸೆ ಇಲ್ಲಿದೆ.

ಯಾದಗಿರಿ, ಶಹಾಪುರ, ಸುರಪುರದಂತಹ ಊರುಗಳಿಗೆ ಈ ಜಿಜ್ಞಾಸೆ ದೂರದ್ದಲ್ಲ. ಕೃಷ್ಣಾ-ಭೀಮಾ ನದಿಗಳ ಈ ಸೀಮೆಯಲ್ಲಿ ‘ಕಳ್ಳುಬಳ್ಳಿಯೊಳಗೇ ಸಂಬಂಧ’ ಮಾಡುವ ರೂಢಿ ಅನೇಕ ಸಮುದಾಯಗಳಲ್ಲಿ ಹಳೆಯದು. ಅಕ್ಕನ ಮಗಳನ್ನು ತರುವುದು, ಸೋದರತ್ತೆಯ ಮನೆಗೆ ಹೆಣ್ಣು ಕೊಡುವುದು ಇಲ್ಲಿ ವಿಶೇಷವೆನಿಸುವುದಿಲ್ಲ. ಆದಕಾರಣ ವಂಶದೊಳಗೆ ಅಡಗಿ ಬರುವ ವ್ಯಾಧಿಗಳ ವಿಚಾರ ಇಲ್ಲಿ ಪ್ರತಿ ಮನೆಯ ವಿಚಾರವೇ ಆಗಿದೆ.

ಉಗ್ರಾಣದ ನಿಯಮ

ವ್ಯಾಧಿಯನ್ನು ತಿಳಿಯುವ ಮೊದಲು ಸ್ವಸ್ಥ ಜೀವಕೋಶ ಹೇಗೆ ನಡೆಯುತ್ತದೆಂಬುದನ್ನು ತಿಳಿಯಬೇಕು. ವ್ಯಾಪಾರಿ ಕುಟುಂಬಗಳಿಗೆ ಇದನ್ನು ತಿಳಿಯಲು ಗಂಜಿನ ತೊಗರಿ ಗೋದಾಮೇ ಸಾಕಾದ ದೃಷ್ಟಾಂತ. ಒಳ್ಳೆಯ ಗೋದಾಮು ಎಂದರೆ ತುಂಬಿದ ಗೋದಾಮು ಎಂದಲ್ಲ. ಯಾವ ಚೀಲ ಯಾವಾಗ ಒಳಗೆ ಬಂತು, ಯಾವುದಕ್ಕೆ ನುಸಿ ಹಿಡಿದಿದೆ, ಯಾವುದನ್ನು ಇಂದೇ ಹೊರಗೆ ಹಾಕಬೇಕು ಎಂಬ ಲೆಕ್ಕ ಸರಿಯಾಗಿದ್ದರೆ ಮಾತ್ರ ಅದು ಒಳ್ಳೆಯ ಗೋದಾಮು. ನುಸಿ ಹಿಡಿದ ಒಂದು ಚೀಲವನ್ನು ಅಲಕ್ಷಿಸಿದರೆ ಸುತ್ತಲಿನ ಹತ್ತು ಚೀಲಗಳು ಹಾಳಾಗುತ್ತವೆ.

ಜೀವಕೋಶವೂ ಹೀಗೆಯೇ. ಮನುಷ್ಯನ ಶರೀರದಲ್ಲಿ ಪ್ರೋಟೀನ್ ತಯಾರಿಸಲು ಸೂಚನೆ ನೀಡುವ ವಂಶವಾಹಿಗಳು ಸುಮಾರು 20,000. ಅವುಗಳ ಸೂಚನೆಯಂತೆ ತಯಾರಾಗುವ ಪ್ರೋಟೀನುಗಳಲ್ಲಿ ಕೆಲವು ನಿಮಿಷಗಳಷ್ಟೇ ಬಾಳುತ್ತವೆ, ಕೆಲವು ದಿನಗಟ್ಟಲೆ, ಮತ್ತೆ ಕೆಲವು ತಿಂಗಳುಗಟ್ಟಲೆ. ಕೆಲಸ ಮುಗಿದ, ಮಡಿಕೆ ತಪ್ಪಿದ, ಅಥವಾ ಪ್ರಮಾಣ ಮೀರಿದ ಪ್ರೋಟೀನಿಗೆ ಕೋಶವು ಒಂದು ಚೀಟಿ ಅಂಟಿಸುತ್ತದೆ. ಆ ಚೀಟಿಯ ಹೆಸರು ಯುಬಿಕ್ವಿಟಿನ್. ಅದೂ 76 ಅಮೈನೋ ಆಮ್ಲಗಳಿಂದಾದ ಒಂದು ಪುಟ್ಟ ಪ್ರೋಟೀನೇ. ಇಂತಹ ಚೀಟಿಗಳ ಸರಪಳಿ ಅಂಟಿದ ಸರಕನ್ನು ಪ್ರೋಟಿಯಾಸೋಮ್ ಎಂಬ ಕೊಳವೆಯಾಕಾರದ ಯಂತ್ರ ಒಳಗೆಳೆದುಕೊಂಡು ತುಂಡರಿಸುತ್ತದೆ. ತುಂಡುಗಳು ಮತ್ತೆ ಹೊಸ ಪ್ರೋಟೀನಿನ ನಿರ್ಮಾಣಕ್ಕೆ ಒದಗುತ್ತವೆ. ಈ ವ್ಯವಸ್ಥೆಯನ್ನು ಕಂಡುಹಿಡಿದ ಆರನ್ ಚೆಕನೋವರ್, ಅವ್ರಮ್ ಹೆರ್ಷ್ಕೊ ಮತ್ತು ಅರ್ವಿನ್ ರೋಸ್ ಅವರಿಗೆ 2004ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು.

ಇಲ್ಲಿ ಗಮನಿಸಬೇಕಾದ ಸಂಗತಿಗಳು ಎರಡು. ಒಂದು, ಕಟ್ಟುವುದಕ್ಕೆ ಮಾತ್ರವಲ್ಲ, ಕಳಚುವುದಕ್ಕೂ ಕೋಶವು ಶಕ್ತಿಯನ್ನು ವ್ಯಯಿಸುತ್ತದೆ. ಎರಡು, ಚೀಟಿ ಅಂಟಿಸುವ ಕೆಲಸಕ್ಕೆ ಒಬ್ಬನೇ ಗುಮಾಸ್ತನಿಲ್ಲ. ಯಾವ ಸರಕಿಗೆ ಚೀಟಿ ಎಂದು ಗುರುತಿಸುವ ಕಿಣ್ವಗಳೇ ಮನುಷ್ಯನ ಕೋಶಗಳಲ್ಲಿ 600ಕ್ಕೂ ಹೆಚ್ಚು. ಒಂದೊಂದಕ್ಕೂ ತನ್ನ ತನ್ನ ಸರಕಿನ ಪರಿಚಯವುಂಟು. ಒಬ್ಬ ಗುಮಾಸ್ತ ಗೈರುಹಾಜರಾದರೆ ಆತನ ಖಾತೆಯ ಸರಕು ಹಾಗೆಯೇ ಬಿದ್ದಿರುತ್ತದೆ.

ನರಕೋಶಗಳ ವಿಶೇಷ ಕಷ್ಟ

ಚರ್ಮದ ಕೋಶ, ರಕ್ತದ ಕೋಶ ಹಳೆಯದಾದರೆ ಹೊಸದು ಹುಟ್ಟುತ್ತದೆ. ಕೋಶವು ಇಬ್ಭಾಗವಾದಾಗ ಒಳಗಿನ ಕಸವೂ ಇಬ್ಭಾಗವಾಗಿ ಹಗುರಾಗುತ್ತದೆ. ಮಿದುಳಿನ ನರಕೋಶಕ್ಕೆ ಈ ಸೌಲಭ್ಯವಿಲ್ಲ. ಮನುಷ್ಯನ ಮಿದುಳಿನಲ್ಲಿರುವ ಸುಮಾರು 8,600 ಕೋಟಿ ನರಕೋಶಗಳಲ್ಲಿ ಬಹುತೇಕ ಎಲ್ಲವೂ ಬದುಕಿನ ಆರಂಭದಲ್ಲೇ ರೂಪುಗೊಂಡು, ಮತ್ತೆ ವಿಭಜನೆಗೊಳ್ಳದೆ, ಆಯುಷ್ಯದುದ್ದಕ್ಕೂ ಅವೇ ಉಳಿಯುತ್ತವೆ. ಎಂಬತ್ತು ವರ್ಷ ಒಂದೇ ಗೋದಾಮಿನಲ್ಲಿ ವ್ಯಾಪಾರ ಮಾಡಬೇಕಾದವನಿಗೆ ಶುಚಿತ್ವ ಎಷ್ಟು ಮುಖ್ಯವೋ ನರಕೋಶಕ್ಕೆ ಈ ಚೀಟಿಯ ವ್ಯವಸ್ಥೆ ಅಷ್ಟು ಮುಖ್ಯ.

ಮಿದುಳಿನ ಬೆಳವಣಿಗೆಯಲ್ಲಿಯೂ ಕಟ್ಟುವ ಮತ್ತು ಕಳಚುವ ಕಾರ್ಯಗಳು ಒಟ್ಟೊಟ್ಟಿಗೇ ನಡೆಯುತ್ತವೆ. ಬೆಳೆಯುತ್ತಿರುವ ನರಮಂಡಲದ ಅನೇಕ ಭಾಗಗಳಲ್ಲಿ ಅಗತ್ಯಕ್ಕಿಂತ ಹೆಚ್ಚು ನರಕೋಶಗಳು ಹುಟ್ಟುತ್ತವೆ. ಕೆಲವೆಡೆ ಅವುಗಳಲ್ಲಿ ಅರ್ಧದಷ್ಟು ನಾಶ ಹೊಂದುತ್ತವೆ. ಸರಿಯಾದ ನೆರೆಹೊರೆ ದೊರೆತು, ಆ ನೆರೆಯಿಂದ ‘ಬದುಕು’ ಎಂಬ ರಾಸಾಯನಿಕ ಸಂದೇಶ ಬಂದ ಕೋಶ ಉಳಿಯುತ್ತದೆ. ಸಂದೇಶ ಬಾರದಿದ್ದರೆ ಅದರೊಳಗೆ ಬಿಗಿಹಿಡಿದಿಟ್ಟಿದ್ದ ಕೆಲವು ಪ್ರೋಟೀನುಗಳು ಬಿಡುಗಡೆಯಾಗಿ ಕೋಶವನ್ನು ಕ್ರಮಬದ್ಧವಾಗಿ ಕಳಚಿಬಿಡುತ್ತವೆ. ಇಂತಹ ಸಂದೇಶವಾಹಕವೊಂದನ್ನು ಕಂಡ ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೋಹೆನ್ ಅವರಿಗೆ 1986ರಲ್ಲಿ ನೊಬೆಲ್ ಗೌರವ ದೊರೆಯಿತು. ಒಂದು ಮಿಲಿಮೀಟರ್ ಉದ್ದದ ಹುಳುವಿನ ಬೆಳವಣಿಗೆಯಲ್ಲಿ ಹುಟ್ಟುವ 1,090 ಕೋಶಗಳ ಪೈಕಿ 131 ನಿಶ್ಚಿತವಾಗಿ ಅಳಿಯುತ್ತವೆಂದು ಎಣಿಸಿ ತೋರಿಸಿದ ಸಂಶೋಧನೆಗೆ 2002ರಲ್ಲಿ ಅದೇ ಪಾರಿತೋಷಕ ಸಂದಿತು.

ಉತ್ಪಾದ, ವ್ಯಯ, ಧ್ರೌವ್ಯ ಎಂಬ ಮೂರು ಮಾತುಗಳನ್ನು ಬಾಲ್ಯದಿಂದ ಕೇಳಿದವರಿಗೆ ಇದನ್ನು ಓದಿದಾಗ ಮನಸ್ಸು ಹಿಗ್ಗುವುದು ಸಹಜ. ಆದರೆ ಇಲ್ಲಿ ಸಂಯಮ ಬೇಕು. ‘ನಮ್ಮ ಆಚಾರ್ಯರು ಯುಬಿಕ್ವಿಟಿನ್ನನ್ನು ಮೊದಲೇ ಕಂಡಿದ್ದರು’ ಎನ್ನುವುದು ಆಚಾರ್ಯರಿಗೂ ಗೌರವವಲ್ಲ, ವಿಜ್ಞಾನಿಗಳಿಗೂ ನ್ಯಾಯವಲ್ಲ. ಆಚಾರ್ಯರು ಹೇಳಿದ್ದು ದ್ರವ್ಯದ ಲಕ್ಷಣ. ಪ್ರಯೋಗಶಾಲೆ ಕಂಡದ್ದು ಒಂದು ಪುದ್ಗಲ ವ್ಯವಸ್ಥೆಯ ವಿವರ. ಹಾಗೆಯೇ ಕೋಶದ ಈ ಅಳಿವನ್ನು ಸಲ್ಲೇಖನಕ್ಕೆ ಹೋಲಿಸುವ ಮಾತೂ ಕೆಲವೊಮ್ಮೆ ಕೇಳಿಬರುತ್ತದೆ. ಸಲ್ಲೇಖನದ ಜೀವಾಳ ಪ್ರಜ್ಞೆ, ಪಶ್ಚಾತ್ತಾಪ ಮತ್ತು ಸಮಭಾವ. ಸಂದೇಶ ಬಾರದೆ ಕಳಚಿಹೋಗುವ ಕೋಶಕ್ಕೆ ವ್ರತವಿಲ್ಲ. ಉಪಮೆಯನ್ನು ಉಪಮೆಯ ಅಳತೆಯಲ್ಲೇ ಇಡಬೇಕು. ಈ ಎಚ್ಚರ ಮುಂದಿನ ವಿಚಾರಕ್ಕೆ ಇನ್ನೂ ಹೆಚ್ಚು ಅವಶ್ಯ.

ಲಾಫೋರಾ ವ್ಯಾಧಿ

ಚೀಟಿ ಅಂಟಿಸುವ ಆರುನೂರು ಗುಮಾಸ್ತರಲ್ಲಿ ಒಬ್ಬನ ಹೆಸರು ಮಾಲಿನ್. ಅದರ ಜೊತೆಗಾರ ಲಾಫೋರಿನ್ ಎಂಬ ಮತ್ತೊಂದು ಪ್ರೋಟೀನ್. ಶರೀರವು ಸಕ್ಕರೆಯನ್ನು ಗ್ಲೈಕೋಜೆನ್ ರೂಪದಲ್ಲಿ ಕೂಡಿಡುತ್ತದೆ. ಸರಿಯಾದ ಗ್ಲೈಕೋಜೆನ್ ಮರದಂತೆ ಕವಲೊಡೆದು ನೀರಿನಲ್ಲಿ ಕರಗಿರುತ್ತದೆ. ನರಕೋಶಕ್ಕೆ ಇದು ಬೇಕಾಗುವುದು ಅತ್ಯಲ್ಪ. ಗ್ಲೈಕೋಜೆನ್ ತಯಾರಿಕೆಗೆ ಸಂಬಂಧಿಸಿದ ಪ್ರೋಟೀನುಗಳು ಮಿತಿಮೀರದಂತೆ ಅವುಗಳಿಗೆ ಚೀಟಿ ಅಂಟಿಸುವುದು ಮಾಲಿನ್‌ನ ಕೆಲಸ. ಅದನ್ನು ಸ್ಥಳಕ್ಕೆ ಕರೆದೊಯ್ಯುವುದು, ಗ್ಲೈಕೋಜೆನ್‌ಗೆ ಅಂಟಿದ ಹೆಚ್ಚಿನ ಫಾಸ್ಫೇಟನ್ನು ತೆಗೆಯುವುದು ಲಾಫೋರಿನ್‌ನ ಕೆಲಸ. ಇವೆರಡರಲ್ಲಿ ಯಾವುದೊಂದು ಇಲ್ಲದಿದ್ದರೂ ಗ್ಲೈಕೋಜೆನ್ ಕವಲು ಕಡಿಮೆಯಾಗಿ, ಉದ್ದುದ್ದ ಎಳೆಗಳಾಗಿ, ಕರಗದ ಉಂಡೆಯಾಗಿ ನರಕೋಶದಲ್ಲಿ ಶೇಖರವಾಗುತ್ತದೆ. ಈ ಉಂಡೆಗಳನ್ನು 1911ರಲ್ಲಿ ಸ್ಪೇನ್ ದೇಶದ ವೈದ್ಯ ಗೊನ್ಸಾಲೊ ರೊಡ್ರಿಗೆಸ್ ಲಾಫೋರಾ ವಿವರಿಸಿದರು. ಲಾಫೋರಿನ್‌ನ ವಂಶವಾಹಿ 1998ರಲ್ಲಿಯೂ ಮಾಲಿನ್‌ನ ವಂಶವಾಹಿ 2003ರಲ್ಲಿಯೂ ಪತ್ತೆಯಾದವು.

ವ್ಯಾಧಿಯ ಗತಿ ದಾರುಣ. ಹುಟ್ಟಿದಾಗ ಮಗು ಆರೋಗ್ಯವಾಗಿರುತ್ತದೆ. ಆಡುತ್ತದೆ, ಶಾಲೆಗೆ ಹೋಗುತ್ತದೆ, ಪಾಠಶಾಲೆಯಲ್ಲಿ ಣಮೋಕಾರ ಮಂತ್ರ ಹೇಳುತ್ತದೆ. ಬಹುಪಾಲು 8ರಿಂದ 18 ವರ್ಷದೊಳಗೆ ಮೂರ್ಛೆ ಬರತೊಡಗುತ್ತದೆ. ಕೈಕಾಲುಗಳು ಥಟ್ಟನೆ ಅದುರುತ್ತವೆ, ಕೈಯಲ್ಲಿದ್ದ ಲೋಟ ಜಾರುತ್ತದೆ. ಇಲ್ಲದ್ದು ಕಣ್ಣಿಗೆ ಕಾಣುತ್ತದೆ. ಓದಿನಲ್ಲಿ ಮುಂದಿದ್ದ ಮಗು ಹಿಂದುಳಿಯುತ್ತದೆ, ಮಾತು ತೊದಲುತ್ತದೆ, ನಡಿಗೆ ನಿಲ್ಲುತ್ತದೆ. ಸಾಮಾನ್ಯವಾಗಿ ಆರಂಭದಿಂದ ಸುಮಾರು ಹತ್ತು ವರ್ಷಗಳಲ್ಲಿ ಬದುಕು ಮುಗಿಯುತ್ತದೆ. ಅದುರನ್ನೂ ಮೂರ್ಛೆಯನ್ನೂ ತಗ್ಗಿಸುವ ಔಷಧಗಳಿವೆ. ಮೂಲವನ್ನು ಗುಣಪಡಿಸುವ ಔಷಧ ಇನ್ನೂ ಬಂದಿಲ್ಲ.

ಈ ವ್ಯಾಧಿ ಅತಿ ವಿರಳ. ಆದರೆ ಕರ್ನಾಟಕಕ್ಕೆ ಅಪರಿಚಿತವಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ದಕ್ಷಿಣ ಭಾರತದ ಲಾಫೋರಾ ರೋಗಿಗಳ ಕುರಿತು ನಡೆಸಿದ ಅಧ್ಯಯನ 1993ರಲ್ಲಿ ‘ಎಪಿಲೆಪ್ಸಿಯಾ’ ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಂಕುಳಿನ ಚರ್ಮದ ಒಂದು ಚಿಕ್ಕ ತುಣುಕು ಸಾಕು. ಅದರ ಬೆವರುನಾಳದ ಕೋಶಗಳಲ್ಲಿ ಆ ಉಂಡೆಗಳನ್ನು ಸೂಕ್ಷ್ಮದರ್ಶಕದಿಂದ ಗುರುತಿಸಬಹುದು. ಈಗ ವಂಶವಾಹಿಯ ಪರೀಕ್ಷೆಯೂ ಲಭ್ಯವಿದೆ.

ಒಂದು ಎಚ್ಚರಿಕೆಯ ಮಾತು. ಮೂರ್ಛೆ ಬಂದ ಮಕ್ಕಳಿಗೆಲ್ಲ ಈ ವ್ಯಾಧಿ ಇರುವುದಿಲ್ಲ. ಸಾವಿರಾರು ಮೂರ್ಛೆರೋಗಿಗಳಲ್ಲಿ ಇದು ಎಲ್ಲೋ ಒಬ್ಬರಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸರಿಯಾದ ಚಿಕಿತ್ಸೆ ದೊರೆತರೆ ಮೂರ್ಛೆರೋಗಿಗಳಲ್ಲಿ ಶೇಕಡಾ 70ರಷ್ಟು ಮಂದಿ ಮೂರ್ಛೆಯಿಲ್ಲದೆ ಬಾಳಬಲ್ಲರು. ಆದುದರಿಂದ ಗಾಳಿ ಸೋಕಿತೆಂದು ಮಂತ್ರವಾದಿಯ ಬಳಿ ಅಲೆಯುವುದು, ಕೈಗೆ ಕಬ್ಬಿಣದ ಕೀಲಿಕೈ ಹಿಡಿಸಿ ಸುಮ್ಮನಾಗುವುದು ಎರಡೂ ಅನರ್ಥ. ಮೊದಲು ವೈದ್ಯರು, ಉಳಿದದ್ದು ನಂತರ.

ಪರಿಗ್ರಹದ ಉಪಮೆ ಮತ್ತು ಅದರ ಅಪಾಯ

ಅನಗತ್ಯ ಸಂಗ್ರಹವೇ ಕೋಶದ ನಾಶಕ್ಕೆ ಕಾರಣವಾಯಿತೆಂದು ಕೇಳಿದೊಡನೆ ಅಪರಿಗ್ರಹದ ಉಪದೇಶ ನಾಲಿಗೆಯ ತುದಿಗೆ ಬರುತ್ತದೆ. ‘ನೋಡಿ, ಕೂಡಿಟ್ಟದ್ದರಿಂದಲೇ ಕೇಡು’ ಎಂದು ಪ್ರವಚನಕಾರರು ಹೇಳಿದರೆ ಸಭೆ ತಲೆದೂಗೀತು. ಆದರೆ ಆ ಸಭೆಯ ಮೂಲೆಯಲ್ಲಿ ರೋಗಿಯ ತಾಯಿ ಕುಳಿತಿದ್ದರೆ? ಪರಿಗ್ರಹದ ಲಕ್ಷಣ ಮೂರ್ಛೆ, ಅಂದರೆ ಮಮತ್ವ ಎಂದು ತತ್ವಾರ್ಥಸೂತ್ರ ನಿರೂಪಿಸಿದೆ. ಕೋಶಕ್ಕೆ ಮಮತ್ವವಿಲ್ಲ. ಮಗು ಏನನ್ನೂ ಕೂಡಿಟ್ಟಿಲ್ಲ. ಗುಮಾಸ್ತನಿಲ್ಲದ ಗೋದಾಮಿನಲ್ಲಿ ಸರಕು ತಾನಾಗಿ ಬಿದ್ದಿದೆ, ಅಷ್ಟೇ. ಉಪಮೆಯನ್ನು ರೋಗಿಯ ಮೇಲೆ ಹೇರಿದಾಗ ಅದು ನೀತಿಪಾಠವಾಗುವುದಿಲ್ಲ, ಗಾಯಕ್ಕೆ ಹಚ್ಚಿದ ಖಾರವಾಗುತ್ತದೆ. ಅಪರಿಗ್ರಹದ ಪಾಠ ಬೇಕಾದವರಿಗೆ ಅದು ತಮ್ಮ ತಿಜೋರಿಯಲ್ಲೇ ಸಿಗುತ್ತದೆ. ಪರರ ಮಗುವಿನ ಮಿದುಳಿನಲ್ಲಿ ಅದನ್ನು ಹುಡುಕುವ ಅವಶ್ಯಕತೆಯಿಲ್ಲ.

ತೀರ್ಪು ಕೊಡುವ ಅಧಿಕಾರ ಯಾರಿಗಿದೆ?

ಈಗ ಮೊದಲ ಪ್ರಶ್ನೆಗೆ ಬರಬಹುದು. ‘ತಾಯಿಯ ಕರ್ಮ ಮಗುವಿಗೆ ತಗುಲಿತು’ ಎಂಬ ಮಾತನ್ನು ವಿಜ್ಞಾನ ಮತ್ತು ಸಿದ್ಧಾಂತ ಎರಡೂ ತಳ್ಳಿಹಾಕುತ್ತವೆ.

ವಿಜ್ಞಾನದ ಲೆಕ್ಕ ನೇರವಾಗಿದೆ. ಪ್ರತಿ ವಂಶವಾಹಿಗೂ ಎರಡು ಪ್ರತಿಗಳು: ಒಂದು ತಂದೆಯಿಂದ, ಒಂದು ತಾಯಿಯಿಂದ. ಲಾಫೋರಾ ವ್ಯಾಧಿ ಬರಬೇಕಾದರೆ ಎರಡು ಪ್ರತಿಗಳೂ ಕೆಟ್ಟಿರಬೇಕು. ಒಂದು ಪ್ರತಿ ಮಾತ್ರ ಕೆಟ್ಟವರು ವಾಹಕರು. ಅವರು ಪೂರ್ಣ ಆರೋಗ್ಯವಂತರು, ತಾವು ವಾಹಕರೆಂಬುದು ಅವರಿಗೇ ತಿಳಿದಿರುವುದಿಲ್ಲ. ಇಬ್ಬರು ವಾಹಕರ ಮಕ್ಕಳಲ್ಲಿ ಪ್ರತಿ ಗರ್ಭಕ್ಕೂ ನಾಲ್ಕರಲ್ಲಿ ಒಂದು ಭಾಗ ರೋಗದ ಸಂಭವ, ಎರಡು ಭಾಗ ವಾಹಕತ್ವದ ಸಂಭವ, ಒಂದು ಭಾಗ ಎರಡರಿಂದಲೂ ಮುಕ್ತಿ. ಹೀಗಾಗಿ ತಂದೆಯ ಪಾಲು ಮತ್ತು ತಾಯಿಯ ಪಾಲು ಕಿರ್ದಿಯಲ್ಲಿ ಕಾಸಿನಷ್ಟೂ ಹೆಚ್ಚುಕಡಿಮೆಯಿಲ್ಲದೆ ಸಮ. ಸೊಸೆಯನ್ನು ಮಾತ್ರ ದೂರುವ ಮನೆ ಅರ್ಧ ಲೆಕ್ಕವನ್ನು ಮುಚ್ಚಿಟ್ಟ ಮನೆ.

ಕೆಲವು ವ್ಯಾಧಿಗಳಲ್ಲಿ ತಾಯಿಯಿಂದ ಬಂದ ಪ್ರತಿಯೇ ನಿರ್ಣಾಯಕವಾಗುತ್ತದೆಂಬುದು ನಿಜ. 1965ರಲ್ಲಿ ಹ್ಯಾರಿ ಏಂಜಲ್ಮನ್ ವಿವರಿಸಿದ ಮಿದುಳಿನ ಬೆಳವಣಿಗೆಯ ದೋಷ ಅಂತಹುದು. ಅಲ್ಲಿಯೂ ಕೊರತೆಯಾಗುವುದು ಚೀಟಿ ಅಂಟಿಸುವ ಒಂದು ಪ್ರೋಟೀನಿನದೇ. ನರಕೋಶದಲ್ಲಿ ಅದರ ತಾಯಿಯ ಪ್ರತಿ ಮಾತ್ರ ಕೆಲಸ ಮಾಡುತ್ತದೆ. ಆದರೆ ಹೆಚ್ಚಿನ ಪ್ರಕರಣಗಳಲ್ಲಿ ಆ ಲೋಪ ತಾಯಿಯ ಶರೀರದಲ್ಲಿ ಇದ್ದದ್ದೇ ಅಲ್ಲ. ಅಂಡದ ರಚನೆಯ ವೇಳೆ ಆಕಸ್ಮಿಕವಾಗಿ ಹೊಸದಾಗಿ ಉಂಟಾದದ್ದು. ಅಲ್ಲಿಯೂ ದೂರಿಗೆ ಆಧಾರವಿಲ್ಲ.

ಸಿದ್ಧಾಂತದ ಮಾತು ಇನ್ನೂ ಕಠೋರ. ಜೈನ ಕರ್ಮವಾದದಲ್ಲಿ ಒಬ್ಬ ಜೀವ ಕಟ್ಟಿದ ಕರ್ಮವನ್ನು ಇನ್ನೊಬ್ಬ ಜೀವ ಅನುಭವಿಸುವುದಿಲ್ಲ. ಕರ್ಮದ ಖಾತೆಗೆ ವಾರಸುದಾರಿಕೆಯಿಲ್ಲ, ವರ್ಗಾವಣೆಯಿಲ್ಲ. ಆದುದರಿಂದ ತಾಯಿಯ ಕರ್ಮ ಮಗುವಿಗೆ ಬಂತೆನ್ನುವವರು ಧರ್ಮದ ಹೆಸರಿನಲ್ಲಿ ಧರ್ಮವಿರುದ್ಧವಾದುದನ್ನೇ ನುಡಿಯುತ್ತಾರೆ.

‘ಹಾಗಾದರೆ ಮಗುವಿನದೇ ಅಸಾತಾವೇದನೀಯ ಕರ್ಮದ ಉದಯ’ ಎನ್ನಬಹುದು. ಸಾಮಾನ್ಯ ಸಿದ್ಧಾಂತವಾಗಿ ಇದು ಸರಿ. ಆದರೆ ಇಂತಹ ಮಗುವಿನ ಇಂತಹ ವೇದನೆಗೆ ಇಂತಹುದೇ ಕಾರಣವೆಂದು ಬೊಟ್ಟುಮಾಡಲು ಕೇವಲಜ್ಞಾನ ಬೇಕು. ಮತಿ-ಶ್ರುತಜ್ಞಾನಗಳಷ್ಟನ್ನೇ ಹೊಂದಿರುವ ಗೃಹಸ್ಥನು ಆ ತೀರ್ಪನ್ನು ಕೊಟ್ಟರೆ ತನಗಿಲ್ಲದ ಅಧಿಕಾರವನ್ನು ಚಲಾಯಿಸಿದಂತಾಗುತ್ತದೆ. ಇದಲ್ಲದೆ ಸಿದ್ಧಸೇನ ದಿವಾಕರರು ಕಾಲ, ಸ್ವಭಾವ, ನಿಯತಿ, ಪೂರ್ವಕೃತ, ಪುರುಷಾರ್ಥ ಎಂಬ ಐದು ಕಾರಣಗಳಲ್ಲಿ ಯಾವುದೊಂದನ್ನೇ ಹಿಡಿಯುವುದು ಮಿಥ್ಯಾತ್ವ, ಐದನ್ನೂ ಕೂಡಿಸಿ ಕಾಣುವುದು ಸಮ್ಯಕ್ತ್ವ ಎಂದು ತಿಳಿಸಿದ್ದಾರೆ. ಕರ್ಮವೊಂದೇ ಕಾರಣವೆಂದು ಕೈಕಟ್ಟಿ ಕುಳಿತವನು ಏಕಾಂತವಾದಿ. ಮಾಲಿನ್ ಪ್ರೋಟೀನಿನ ಕೊರತೆಯೊಂದೇ ಕಾರಣವೆಂದು ಆತ್ಮವಿಚಾರವನ್ನೇ ಬಿಟ್ಟವನೂ ಏಕಾಂತವಾದಿಯೇ.

ಇನ್ನೊಂದು ಸೂಕ್ಷ್ಮವಿದೆ. ಪರರಿಗೆ ದುಃಖ, ಶೋಕ, ತಾಪ, ಆಕ್ರಂದನಗಳನ್ನು ಉಂಟುಮಾಡುವುದರಿಂದ ಅಸಾತಾವೇದನೀಯ ಕರ್ಮದ ಆಸ್ರವವಾಗುತ್ತದೆಂದು ಶಾಸ್ತ್ರ ಎಚ್ಚರಿಸುತ್ತದೆ. ನೊಂದ ತಾಯಿಯ ಮುಂದೆ ‘ನಿನ್ನ ಕರ್ಮ’ ಎಂದವರು ಅವಳ ಕರ್ಮವನ್ನು ಕಂಡರೋ ಇಲ್ಲವೋ ತಿಳಿಯದು; ತಮ್ಮ ಖಾತೆಗೆ ಮಾತ್ರ ಹೊಸದೊಂದು ಬಾಬು ಬರೆದುಕೊಂಡದ್ದು ಖಚಿತ. ಅನುಕಂಪೆ ಸಮ್ಯಕ್ತ್ವದ ಕುರುಹುಗಳಲ್ಲಿ ಒಂದು; ದೋಷಾರೋಪಣೆ ಆ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ.

ಸಂಬಂಧದೊಳಗಿನ ಸಂಬಂಧ

ದೂಷಣೆ ಸಲ್ಲದು ಎಂದಮಾತ್ರಕ್ಕೆ ಹೊಣೆ ಇಲ್ಲವೆಂದಾಗುವುದಿಲ್ಲ. ದೂಷಣೆ ಕಳೆದದ್ದರ ಕಡೆ ನೋಡುತ್ತದೆ. ಹೊಣೆ ಬರಲಿರುವುದರ ಕಡೆ ನೋಡುತ್ತದೆ. ಇಲ್ಲಿ ವಿವಾಹದ ವಿಚಾರ ಬರುತ್ತದೆ.

1980ರ ದಶಕದಲ್ಲಿ ಕರ್ನಾಟಕದ ನವಜಾತ ಶಿಶುಗಳ ಕುರಿತು ನಡೆದ ದೊಡ್ಡ ಅಧ್ಯಯನಗಳಲ್ಲಿ ಸುಮಾರು ಮೂರನೇ ಒಂದು ಭಾಗ ವಿವಾಹಗಳು ರಕ್ತಸಂಬಂಧದೊಳಗಿನವು ಎಂದು ಕಂಡುಬಂತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿಯೂ ರಾಜ್ಯದ ಪ್ರಮಾಣ ಕಾಲು ಭಾಗಕ್ಕಿಂತ ಹೆಚ್ಚೇ ಇತ್ತು. ಈ ರೂಢಿಗೆ ಕಾರಣಗಳಿಲ್ಲದಿಲ್ಲ. ಹೆಣ್ಣು ಪರಿಚಿತ ಮನೆಯಲ್ಲಿ ಸುಖವಾಗಿರುತ್ತಾಳೆ, ವರದಕ್ಷಿಣೆಯ ಹೊರೆ ಹಗುರ, ಹೊಲ-ಮನೆ ಒಡೆಯುವುದಿಲ್ಲ. ಹಿರಿಯರು ಮೂರ್ಖರಾಗಿರಲಿಲ್ಲ, ಅವರಿಗೆ ಈ ಒಂದು ಲೆಕ್ಕ ಮಾತ್ರ ತಿಳಿದಿರಲಿಲ್ಲ.

ಆ ಲೆಕ್ಕ ಇಂತಿದೆ. ಸುರಪುರದ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಅಜ್ಜಿ ಒಂದು ಕೆಟ್ಟ ಪ್ರತಿಯ ವಾಹಕಿ. ಅದು ಮಗನಿಗೆ ಬಂದಿರುವ ಸಂಭವ ಎರಡರಲ್ಲಿ ಒಂದು. ಮಗಳಿಗೂ ಅಷ್ಟೇ, ಮಗಳ ಮಗಳಿಗೆ ನಾಲ್ಕರಲ್ಲಿ ಒಂದು. ಆ ಮಗ ತನ್ನ ಅಕ್ಕನ ಮಗಳನ್ನೇ ಮದುವೆಯಾದರೆ ಇಬ್ಬರೂ ವಾಹಕರಾಗಿರುವ ಸಂಭವ ಎಂಟರಲ್ಲಿ ಒಂದು. ಅವರ ಮಗುವಿಗೆ ವ್ಯಾಧಿ ಬರುವ ಸಂಭವ 32ರಲ್ಲಿ ಒಂದು. ಅದೇ ಮಗ ಹೊರಗಿನ ಹೆಣ್ಣನ್ನು ಮದುವೆಯಾದರೆ, ಹೊರಗಿನವರಲ್ಲಿ 500ಕ್ಕೆ ಒಬ್ಬರು ವಾಹಕರೆಂದು ವಾದಕ್ಕಾಗಿ ಇಟ್ಟುಕೊಂಡರೂ, ಸಂಭವ 4,000ದಲ್ಲಿ ಒಂದಕ್ಕೆ ಇಳಿಯುತ್ತದೆ. ನಷ್ಟದ ಸಂಭವ ನೂರಿಪ್ಪತ್ತೈದು ಪಟ್ಟು ಹೆಚ್ಚಿರುವ ವ್ಯವಹಾರಕ್ಕೆ ಯಾವ ವ್ಯಾಪಾರಿಯೂ ಸಹಿ ಹಾಕುವುದಿಲ್ಲ. ಆದರೆ 32ರಲ್ಲಿ 31 ಮಕ್ಕಳು ಈ ವ್ಯಾಧಿಯಿಲ್ಲದೆ ಹುಟ್ಟುವುದರಿಂದ ‘ನಮ್ಮ ಅಜ್ಜ-ಮುತ್ತಜ್ಜರಿಗೆ ಏನೂ ಆಗಲಿಲ್ಲ’ ಎಂಬ ಮಾತು ಸುಲಭವಾಗಿ ನಂಬಿಕೆ ಹುಟ್ಟಿಸುತ್ತದೆ.

ರಾಜಸ್ಥಾನ, ಗುಜರಾತ್ ಮೂಲದ ಜೈನ ಕುಟುಂಬಗಳು ಗೋತ್ರ ತಪ್ಪಿಸಿ ಸಂಬಂಧ ಮಾಡುತ್ತವೆ. ಕನ್ನಡ ದಿಗಂಬರ ಕುಟುಂಬಗಳಲ್ಲಿ ಸೋದರ ಸಂಬಂಧದ ರೂಢಿ ಕಾಣುತ್ತದೆ. ಮೊದಲಿನವರು ತಾವು ಸುರಕ್ಷಿತರೆಂದು ಭಾವಿಸುವುದೂ ಪೂರ್ಣ ಸರಿಯಲ್ಲ. ಗೋತ್ರ ಎಣಿಸುವುದು ತಂದೆಯ ಸಾಲನ್ನು ಮಾತ್ರ. ವಂಶವಾಹಿ ಎರಡೂ ಸಾಲುಗಳಲ್ಲಿ ಹರಿಯುತ್ತದೆ. ಚಿಕ್ಕ ಪಂಗಡದೊಳಗೇ ನೂರಾರು ವರ್ಷ ಕೊಡುಕೊಳ್ಳುವಿಕೆ ನಡೆದಾಗ ದೂರದವರೂ ಒಳಗೊಳಗೆ ಹತ್ತಿರದವರೇ ಆಗಿರುತ್ತಾರೆ.

ಸತ್ಯ ಎಷ್ಟು, ಮೌನ ಎಷ್ಟು?

ಇಲ್ಲಿ ಒಂದು ಕಠಿಣ ಧರ್ಮಸಂಕಟವಿದೆ. ಒಂದು ಮನೆಯಲ್ಲಿ ಹಿರಿಯ ಮಗನಿಗೆ ಈ ವ್ಯಾಧಿ. ಆರೋಗ್ಯವಂತಳಾದ ತಂಗಿಗೆ ಸಂಬಂಧ ಕೂಡಿಬಂದಿದೆ. ಆಕೆ ವಾಹಕಳಾಗಿರುವ ಸಂಭವ ಮೂರರಲ್ಲಿ ಎರಡು. ವರನ ಕಡೆಗೆ ಹೇಳಬೇಕೆ? ಹೇಳಿದರೆ ಸಂಬಂಧ ಮುರಿದೀತು. ಹೇಳದಿದ್ದರೆ ಸತ್ಯಾಣುವ್ರತಕ್ಕೆ ಭಂಗ. ಅನೇಕ ಮನೆಗಳು ಮೌನವನ್ನೇ ಆರಿಸಿಕೊಳ್ಳುತ್ತವೆ, ರೋಗಿಯನ್ನು ಒಳಕೋಣೆಯಲ್ಲಿ ಮರೆಮಾಡುತ್ತವೆ.

ಈ ಸಂಕಟದ ಗಂಟನ್ನು ಸಡಿಲಿಸುವ ಸಂಗತಿಯೊಂದಿದೆ. ಪ್ರತಿ ಮನುಷ್ಯನೂ ಯಾವುದಾದರೂ ಕೆಲವು ವಂಶವಾಹಿಗಳ ಕೆಟ್ಟ ಪ್ರತಿಯನ್ನು ಹೊತ್ತೇ ಇರುತ್ತಾನೆ. ಕಳಂಕಿತ ಮನೆ, ನಿಷ್ಕಳಂಕ ಮನೆ ಎಂಬ ವಿಭಾಗವೇ ಇಲ್ಲ. ತಿಳಿದ ಮನೆ, ತಿಳಿಯದ ಮನೆ ಎಂಬುದಷ್ಟೇ ಇದೆ. ಇದನ್ನು ಸಮಾಜ ಒಪ್ಪಿದರೆ ಸತ್ಯ ಹೇಳುವುದು ಅವಮಾನವಾಗುವುದಿಲ್ಲ. ತಂಗಿ ಪರೀಕ್ಷೆ ಮಾಡಿಸಿಕೊಳ್ಳಬಹುದು. ಅವಳು ವಾಹಕಳಾದರೂ ವರನಿಗೆ ಅದೇ ದೋಷವಿಲ್ಲವೆಂದು ಪರೀಕ್ಷೆಯಿಂದ ತಿಳಿದರೆ ಮಕ್ಕಳಿಗೆ ಈ ವ್ಯಾಧಿಯ ಭಯವಿಲ್ಲ. ಆದುದರಿಂದ ಸತ್ಯ ಸಂಬಂಧವನ್ನು ಮುರಿಯುವ ಅಸ್ತ್ರವಾಗಬೇಕಿಲ್ಲ. ಅದು ಸಂಬಂಧವನ್ನು ಕಾಪಾಡುವ ಬೇಲಿಯಾಗಬಲ್ಲದು. ಆದರೆ ಆ ಸತ್ಯ ಎರಡು ಕುಟುಂಬಗಳ ನಡುವೆ ಇರಬೇಕೇ ಹೊರತು ಊರಿನ ಬಾಯಿಗೆ ಬೀಳಬಾರದು. ವಾಹಕರ ಪಟ್ಟಿ ಮಾಡಿ ಬಸದಿಯ ಕಪಾಟಿನಲ್ಲಿ ಇಡುವ ಯೋಚನೆ ಯಾವ ಟ್ರಸ್ಟಿಗೂ ಬರಬಾರದು.

ಅಹಿಂಸೆಯ ದೃಷ್ಟಿಯಿಂದಲೂ ಕ್ರಮ ಮುಖ್ಯ. ಗರ್ಭ ನಿಂತ ಮೇಲೆ ಪರೀಕ್ಷೆ ಮಾಡಿಸಿ ಮುಂದಿನದನ್ನು ನಿರ್ಧರಿಸುವ ಮಾರ್ಗ ಕಾನೂನಿನ ಚೌಕಟ್ಟಿನಲ್ಲಿ ಇದೆ. ಆದರೆ ಪಂಚೇಂದ್ರಿಯ ಜೀವದ ವಿಚಾರ ಅಲ್ಲಿ ಎದುರಾಗುತ್ತದೆ. ಯಾವ ಆಯ್ಕೆ ಮಾಡಿದರೂ ಆ ತಂದೆತಾಯಿಗಳ ಮನಸ್ಸು ಜೀವಮಾನವಿಡೀ ಭಾರವಾಗಿರುತ್ತದೆ. ವಿವಾಹಕ್ಕೆ ಮುಂಚೆ ವಿಚಾರಿಸಿದರೆ ಇನ್ನೂ ಯಾವ ಜೀವವೂ ಬಂದಿರುವುದಿಲ್ಲ, ಯಾರಿಗೂ ಘಾತವಿಲ್ಲ. ಪ್ರಮಾದದಿಂದಾದ ಪ್ರಾಣಘಾತವೇ ಹಿಂಸೆ ಎನ್ನುತ್ತದೆ ಶಾಸ್ತ್ರ. ತಿಳಿಯದೆ ಆದದ್ದು ಬೇರೆ. ತಿಳಿಯುವ ಸಾಧನ ಕೈಯಲ್ಲಿದ್ದೂ ಮರ್ಯಾದೆಗೆ ಅಂಜಿ ಕಣ್ಣುಮುಚ್ಚುವುದು ಪ್ರಮಾದ.

ಈ ಜ್ಞಾನದ ಋಣವನ್ನೂ ಮರೆಯಲಾಗದು. ಗ್ಲೈಕೋಜೆನ್ ತಯಾರಿಕೆಯನ್ನು ತಗ್ಗಿಸಿದರೆ ಉಂಡೆಗಳು ಶೇಖರವಾಗುವುದಿಲ್ಲ, ನರಕೋಶಗಳು ಉಳಿಯುತ್ತವೆ ಎಂಬ ಆಶಾದಾಯಕ ಫಲ 2011ರಿಂದೀಚೆಗೆ ದೊರೆತದ್ದು ಇಲಿಗಳ ಮೇಲಿನ ಪ್ರಯೋಗಗಳಿಂದ. ಮುಂದೆ ಔಷಧ ಬಂದರೆ ಅದರ ಹಿಂದೆ ಆ ಮೂಕಪ್ರಾಣಿಗಳ ವೇದನೆ ಇರುತ್ತದೆ. ಮಗುವಿಗೆ ಔಷಧ ಬೇಡವೆನ್ನಲು ಯಾವ ತಾಯಿಗೂ ಸಾಧ್ಯವಿಲ್ಲ, ಎನ್ನಬೇಕಾಗಿಯೂ ಇಲ್ಲ. ಆದರೆ ಲಾಭವನ್ನು ಪಡೆದು ಬೆಲೆಯನ್ನು ಮರೆಯುವುದು ಶ್ರಾವಕನಿಗೆ ಒಪ್ಪುವುದಿಲ್ಲ. ಪ್ರಾಣಿಗಳನ್ನು ಬಳಸದ ಪ್ರಯೋಗವಿಧಾನಗಳಿಗೆ ದಾನ ನೀಡುವುದು ಆ ಋಣವನ್ನು ನೆನೆಯುವ ಒಂದು ದಾರಿ.

ಟ್ರಸ್ಟುಗಳ ಕರ್ತವ್ಯ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳು ಪ್ರಸಿದ್ಧ. ಸುರಪುರ, ಶಹಾಪುರಗಳಿಂದ ರೋಗಿಯನ್ನು ಬಸ್ಸಿನಲ್ಲಿ ಯಾದಗಿರಿಗೆ ತಂದು, ಅಲ್ಲಿಂದ ರಾತ್ರಿಯ ರೈಲು ಹತ್ತಿಸಿ, ಸುಮಾರು 500 ಕಿ.ಮೀ. ದೂರದ ಬೆಂಗಳೂರಿಗೆ ಕರೆದೊಯ್ಯಬೇಕು. ದಿನಗೂಲಿ ಬಿಟ್ಟು, ಅಪರಿಚಿತ ನಗರದಲ್ಲಿ ಉಳಿದು, ಪರೀಕ್ಷೆಯ ಫಲಕ್ಕೆ ಕಾಯಬೇಕು. ಇಂದಿನ ಔಷಧದಾನವೆಂದರೆ ಮಾತ್ರೆಯ ಬೆಲೆಯಷ್ಟೇ ಅಲ್ಲ. ಆ ರೈಲಿನ ಚೀಟಿ, ಉಳಿಯಲು ಒಂದು ಕೋಣೆ, ಜೊತೆಗೆ ಬರುವ ಒಬ್ಬ ತಿಳಿದ ವ್ಯಕ್ತಿ ಇವೂ ಅದರಲ್ಲಿ ಸೇರಿವೆ. ಜೈನರಿಗೆ ಮಾತ್ರವಲ್ಲದೆ ಎಲ್ಲರಿಗೂ ಇದು ಸಲ್ಲಬೇಕು; ಕರುಣಾದಾನಕ್ಕೆ ಪಾತ್ರದ ಭೇದವಿಲ್ಲ. ವರ್ಷಕ್ಕೊಮ್ಮೆ ಪರ್ವದ ದಿನಗಳಲ್ಲಿ ಬಲ್ಲ ವೈದ್ಯರನ್ನು ಕರೆಸಿ ವಿವಾಹಪೂರ್ವ ವಿಚಾರಣೆಯ ಬಗ್ಗೆ ತಿಳಿವಳಿಕೆ ಕೊಡಿಸುವುದು ಶಾಸ್ತ್ರದಾನದಷ್ಟೇ ಶ್ರೇಷ್ಠ. ಕುಂಡಲಿ ನೋಡುವ ಮನೆಗಳು ಮೂರು ತಲೆಮಾರಿನ ಕಾಯಿಲೆಗಳ ಬಗ್ಗೆ ನಾಲ್ಕು ಮಾತು ಕೇಳಿದರೆ ಯಾವ ಗ್ರಹವೂ ಮುನಿಯುವುದಿಲ್ಲ.

ನಾಲ್ಕು ದಾನಗಳಲ್ಲಿ ಅಭಯದಾನವನ್ನು ಹಿರಿದೆಂದಿದ್ದಾರೆ. ರೋಗಿಯಾದ ಮಗುವಿನ ತಾಯಿಗೆ ರೋಗದ ಭಯಕ್ಕಿಂತ ಜನರ ನಾಲಿಗೆಯ ಭಯ ದೊಡ್ಡದು. ಜಾತ್ರೆಗೆ, ಮದುವೆಗೆ, ಬಸದಿಗೆ ಆಕೆ ಬರುವುದನ್ನು ಬಿಟ್ಟಿರುತ್ತಾಳೆ. ಅವಳ ಮನೆಗೆ ಹೋಗಿ, ಮಗುವಿನ ಪಕ್ಕ ಒಂದು ತಾಸು ಕುಳಿತು, ‘ನೀವು ಸ್ವಲ್ಪ ಮಲಗಿ, ನಾವು ನೋಡಿಕೊಳ್ಳುತ್ತೇವೆ’ ಎನ್ನುವುದಕ್ಕೆ ಹಣ ಬೇಕಿಲ್ಲ, ಪಾಂಡಿತ್ಯ ಬೇಕಿಲ್ಲ. ‘ಯಾರ ಕರ್ಮ?’ ಎಂಬ ಪ್ರಶ್ನೆಗೆ ಉತ್ತರ ಕೇವಲಿಗಳಿಗೆ ಗೊತ್ತು. ‘ಯಾರ ಹೊಣೆ?’ ಎಂಬ ಪ್ರಶ್ನೆಗೆ ಉತ್ತರ ಪ್ರತಿ ಶ್ರಾವಕನಿಗೂ, ಪ್ರತಿ ಶ್ರಾವಿಕೆಗೂ ಗೊತ್ತಿದೆ.